ಕಮಲಾಪುರಕ್ಕೆ ಹೋಗುವಾಗ ನಡುಗುತ್ತಿದ್ದ ಜೀಪು

ಗಾಡಿ ನಡುಗುತ್ತದೆ ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುತ್ತಿದ್ದುದು ಒಂದೇ: ಎಲ್ಲಿ ನಡುಗುತ್ತದೆ? ಕೈಯಲ್ಲೋ, ಕೂತ ಜಾಗದಲ್ಲೋ, ಕಾಲ ಕೆಳಗೋ? ಕೆಲವರು ನಗುತ್ತಿದ್ದರು. ಕೆಲವರು, "ಗಾಡಿ ನಡಗ್ತದ ಅಂದ್ರ ನಡಗ್ತದ, ಅದರಾಗ ಕೈ ಕಾಲು ಏನ್ ಬಂತು?" ಎಂದು ರೇಗುತ್ತಿದ್ದರು. ಈ ಕೆಲಸಕ್ಕೆ ಹೊಸದಾಗಿ ಬರುವವರು ಆ ಪ್ರಶ್ನೆಯನ್ನು ಬಿಡಬೇಡಿ. ಸ್ಟೇರಿಂಗ್ ಹಿಡಿದ ಕೈ ನಡುಗಿದರೆ ಮುಂದಿನ ಗಾಲಿಗಳನ್ನು ನೋಡಿ. ಸೀಟು ನಡುಗಿದರೆ ಹಿಂದಿನ ಗಾಲಿಗಳನ್ನು ನೋಡಿ. ಅಂಗಾಲಿನ ಕೆಳಗಿನ ತಗಡು ಗುಂಯ್ ಎಂದರೆ ಹಿಂದಿನ ಗಾಲಿಗಳಿಗೆ ಇಂಜಿನ್ನಿನ ಬಲ ಒಯ್ಯುವ ಉದ್ದ ಶಾಫ್ಟನ್ನು ನೋಡಿ.

ಇದನ್ನು ನನಗೆ ಕಲಿಸಿದವರು ಮಹೆಬೂಬ ಉಸ್ತಾದರು. ಕಲಿಸಿದವರೇ ಒಂದು ಚಳಿಗಾಲವೆಲ್ಲ ಒಂದು ಜೀಪಿನ ನಡುಕ ಹಿಡಿಯಲಾರದೆ ಕೂತಿದ್ದರು. ಆಮೇಲೆ ನಾನು ಬಸ್ ಡಿಪೋ ಸೇರಿದೆ, ಅಲ್ಲಿ ಏನೇನೋ ಆದೆ. ಅದರಲ್ಲಿ ಬರೆಯುವಂಥದ್ದೇನೂ ಇಲ್ಲ. ಆ ಜೀಪಿನ ವಿಷಯ ಬರೆಯಬೇಕು.

ಉಸ್ತಾದರ ಕಾರಖಾನೆ ಕಲಬುರಗಿಯ ಮೋಮಿನಪುರದ ಅಂಚಿಗೆ ಇತ್ತು. ಕಾರಖಾನೆ ಅಂದರೆ ಒಂದು ಬೇವಿನ ಮರ, ಅದಕ್ಕೆ ಆನಿಸಿದ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ನೆಲ. ದೊಡ್ಡ ಲಡಾಯಿಯ ಕಾಲದಲ್ಲಿ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡಿ ಬಂದವರು ಅವರು. ತೆಳ್ಳಗಿನ ಮನುಷ್ಯ, ಮಾತು ಜಾಸ್ತಿ. ಬೋಲ್ಟು ಬಿಚ್ಚುವಾಗಲೂ ಬೋಲ್ಟಿನ ಸಂಗಡ ಮಾತಾಡುವವರು. ನಾನು ಅವರ ಕೈಕೆಳಗೆ ಸೇರಿದಾಗ ನನಗೆ ಮೀಸೆ ಬಂದಿತ್ತು, ಮದುವೆಯೂ ಆಗಿತ್ತು. ಹೀಗಾಗಿ ಹೊಡೆತ ತಿನ್ನದೆ ಕಲಿತೆ. ಬೈಗುಳ ಮಾತ್ರ ತಪ್ಪಲಿಲ್ಲ.

ಅವರದು ಒಂದು ಕಟ್ಟುನಿಟ್ಟು ಇತ್ತು. ಗಾಡಿಯಲ್ಲಿ ತಾವು ಕೂತು, ರೋಗ ತಮ್ಮ ಮೈಗೆ ತಾಕುವ ತನಕ ಪಾನಾ, ಅಂದರೆ ಸ್ಪ್ಯಾನರ್, ಹಚ್ಚುವಂತಿಲ್ಲ. "ಹಕೀಮ ನಾಡಿ ಹಿಡೀದೇ ದವಾ ಕೊಡ್ತಾನೇನೋ? ಬೈಠ್ ಪಹಲೇ, ಮೊದಲ ಕೂಡು!" ಎನ್ನುತ್ತಿದ್ದರು.

ಈ ಪದ್ಧತಿಯ ಬೆಲೆ ನನಗೆ ತಿಳಿದದ್ದು ಒಬ್ಬ ವಕೀಲರ ಕಾರಿನಿಂದ. ಕಾರು ಓಡುವಾಗ ಹಿಂದೆ ಗಡಗಡ ಎನ್ನುತ್ತದೆಂದು ಅವರ ಡ್ರೈವರ್ ತಂದ. ಉಸ್ತಾದರು ಊಟಕ್ಕೆ ಹೋಗಿದ್ದರು. ನಾನು ಶಾಣ್ಯಾತನ ಮಾಡಿ ಹಿಂದಿನ ಗಾಲಿ, ಬ್ರೇಕು, ಅರ್ಧ ಆಕ್ಸಲ್ಲು ಬಿಚ್ಚಿ ನೆಲಕ್ಕೆ ಹರಡಿದ್ದೆ. ಉಸ್ತಾದರು ಬಂದು ನೋಡಿ, ಎಲ್ಲವನ್ನೂ ನನ್ನ ಕೈಯಿಂದಲೇ ಕೂಡಿಸಿದರು. ಆಮೇಲೆ ಹಿಂದಿನ ಸೀಟಿನಲ್ಲಿ ನವಾಬನಂತೆ ಕೂತು, "ನಡಿ, ಕಿಲ್ಲೇದ ಸುತ್ತ ಒಂದು ಸುತ್ತು" ಎಂದರು. ಕೋಟೆಯ ಅರ್ಧ ಸುತ್ತು ಮುಗಿಯುವುದರೊಳಗೆ ಸೀಟಿನ ಕೆಳಗೆ ಕೈ ಹಾಕಿ ಒಂದು ಹಿತ್ತಾಳೆಯ ಪಾನದಾನಿ ಎಳೆದು ತೆಗೆದರು. ವಕೀಲರ ತಾಯಿಯದು. ತಿಂಗಳಿಂದ ಮನೆಯವರೆಲ್ಲ ಹುಡುಕುತ್ತಿದ್ದರಂತೆ. ಉಸ್ತಾದರು ಅದರಲ್ಲಿ ಉಳಿದಿದ್ದ ಅಡಿಕೆ ಬಾಯಿಗೆ ಹಾಕಿಕೊಂಡು, "ಆಕ್ಸಲ್ ಸಿಕ್ತು ನೋಡಪ, ಹಣಮಂತ" ಎಂದರು. ಬಹಳ ದಿನ ಕಾರಖಾನೆಯಲ್ಲಿ ನನ್ನ ಹೆಸರು ಪಾನದಾನಿ.

ಪೊಲೀಸ್ ಆಕ್ಷನ್ ಕಾಲದ ಮಾತು ಬರೆಯುವಾಗ ನಾನು ಕಂಡದ್ದಷ್ಟೇ ಬರೆಯುತ್ತೇನೆ, ಕೇಳಿದ್ದನ್ನು ಬರೆಯುವುದಿಲ್ಲ. ಮೊದಲು ರಜಾಕಾರರ ಹೆದರಿಕೆಗೆ ನಮ್ಮ ಮನೆಯವರು ಜೋಳದ ಹೊಲದಲ್ಲಿ ಮಲಗಿದ್ದುಂಟು. ಆಮೇಲೆ ಹಿಂದುಸ್ತಾನದ ಫೌಜು ಬಂತು, ಹೆದರುವ ಸರದಿ ಉಸ್ತಾದರ ಓಣಿಗೆ ಬಂತು. ಆ ದಿನಗಳಲ್ಲೇ ನಾವಿಬ್ಬರೂ ಕಮಲಾಪುರದಲ್ಲಿ ಕೆಟ್ಟು ನಿಂತಿದ್ದ ಒಂದು ಲಾರಿಯನ್ನು ಸರಿಮಾಡಿ ತರುತ್ತಿದ್ದೆವು. ಲಾರಿ ನಾನು ನಡೆಸುತ್ತಿದ್ದೆ. ದಾರಿಯಲ್ಲಿ ಒಂದು ದೊಡ್ಡ ಹುಣಸೆ ಮರವಿದೆ. ಅದರ ಹತ್ತಿರ ಒಂದು ಬಂಡಿ ಸುಟ್ಟು ಬಿದ್ದಿತ್ತು. ಎತ್ತುಗಳು ಇರಲಿಲ್ಲ. ಒಂದು ಗಾಲಿಯಿಂದ ಇನ್ನೂ ಹೊಗೆ ಬರುತ್ತಿತ್ತು. ರಸ್ತೆಯ ಮೇಲೆ ಹೆಣ್ಣುಮಗಳೊಬ್ಬಳ ಒಂದು ಚಪ್ಪಲಿ ಇತ್ತು, ಜೋಡಿಯದು ಕಾಣಲಿಲ್ಲ. ಇಷ್ಟೇ ನಾನು ಕಂಡದ್ದು.

ಮರದ ಹಿಂದಿನಿಂದ ಕೆಲವರು ಬಡಿಗೆ ಹಿಡಿದು ಅಡ್ಡ ಬಂದರು. ಉಸ್ತಾದರ ಕಡೆ ತೋರಿಸಿ, "ಇವನ ಹೆಸರೇನು?" ಎಂದು ಕೇಳಿದರು. ಉಸ್ತಾದರು ಬಾಯಿ ತೆರೆಯುವ ಮೊದಲೇ ನಾನು, "ನಮ್ಮಣ್ಣ ರೀ. ಮೂಕ. ಮಾತು ಬರೂದಿಲ್ಲ" ಎಂದೆ. ಬಡಿಗೆಯವರು ಉಸ್ತಾದರ ಮುಖವನ್ನು ಬಹಳ ಹೊತ್ತು ನೋಡಿ ದಾರಿ ಬಿಟ್ಟರು. ಅಲ್ಲಿಂದ ಕಲಬುರಗಿ ಮುಟ್ಟುವ ತನಕ ಉಸ್ತಾದರು ನಿಜವಾಗಿಯೂ ಒಂದು ಮಾತಾಡಲಿಲ್ಲ. ನನ್ನ ಬಲಗೈ ಅಂದು ನಡುಗಲು ಹತ್ತಿದ್ದು, ಈಗಲೂ ಒಮ್ಮೊಮ್ಮೆ ಸಣ್ಣಗೆ ನಡುಗುತ್ತದೆ. ಚಹಾದ ಬಟ್ಟಲು ಎಡಗೈಯಲ್ಲಿ ಹಿಡಿಯುವುದು ಅಂದಿನಿಂದ ರೂಢಿ.

ಕೆಲ ತಿಂಗಳಲ್ಲಿ ಊರು ಮೊದಲಿನಂತಾಯಿತು. ಉಸ್ತಾದರ ಮಾತು ಮರಳಿ ಬಂತು, ಬೈಗುಳವೂ ಬಂತು. ಆದರೆ ಕಮಲಾಪುರದ ಕಡೆ ಊರ ಹೊರಗಿದ್ದ ಸುಂಕದ ನಾಕಾ ದಾಟಿ ಅವರು ಹೋಗಲಿಲ್ಲ. ಶಹಾಬಾದಿಗೆ ಹೋಗುತ್ತಿದ್ದರು, ಆಳಂದಕ್ಕೆ ಹೋಗುತ್ತಿದ್ದರು. ಆ ಕಡೆಯ ಕೆಲಸ ಬಂದರೆ, "ಹಣಮಂತ ಹೋಗ್ತಾನ" ಎನ್ನುತ್ತಿದ್ದರು. ಅವರ ಒಬ್ಬಳೇ ತಂಗಿ ಫಾತಿಮಾಬೀಯನ್ನು ಕೊಟ್ಟದ್ದು ಕಮಲಾಪುರಕ್ಕೆ. ಆಕೆಯ ಗಂಡನದು ಅಲ್ಲಿ ಬಳೆಯ ಅಂಗಡಿ. ಆ ಕೆಟ್ಟ ದಿನಗಳಲ್ಲಿ ಊರ ಗೌಡಸಾನಿ ಅವರ ಇಡೀ ಮನೆಯವರನ್ನು ತನ್ನ ಬಾಳೆ ತೋಟದ ಮನೆಯಲ್ಲಿ ಇಟ್ಟುಕೊಂಡಿದ್ದಳು. ಎಲ್ಲರೂ ಉಳಿದಿದ್ದರು. ಅದು ಉಸ್ತಾದರಿಗೆ ಗೊತ್ತಿತ್ತು. ಗೊತ್ತಿದ್ದರೂ ಕಾಲು ಏಳುತ್ತಿರಲಿಲ್ಲ.

ಆ ಗೌಡಸಾನಿಯೇ ಗಂಗಮ್ಮ. ಗೌಡರು ತೀರಿಕೊಂಡ ಮೇಲೆ ತೋಟ, ಆಳು, ವ್ಯಾಪಾರ ಎಲ್ಲ ತಾನೇ ನೋಡುತ್ತಿದ್ದಳು. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿಗೆ ತರಲು ಮಿಲಿಟರಿಯವರು ಮಾರಿದ ಹಳೆಯ ಜೀಪೊಂದನ್ನು ಕೊಂಡಿದ್ದಳು. ಅದರ ಡ್ರೈವರ್ ರೇವಣಸಿದ್ದ. ಉಸ್ತಾದರಷ್ಟೇ ಮಾತುಗಾರ, ಆದರೆ ಯಾವ ಮಾತು ಎಲ್ಲಿ ಆಡಬಾರದು ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಮಳೆಗಾಲದಲ್ಲಿ ತೋಟದ ದಾರಿಯ ಎರೆಮಣ್ಣಿನಲ್ಲಿ ಜೀಪು ಹೊಟ್ಟೆಯ ತನಕ ಹೂಳುತ್ತಿತ್ತು. ಎತ್ತು ಕಟ್ಟಿ ಎಳೆಸಬೇಕಾಗುತ್ತಿತ್ತು. ಗಂಗಮ್ಮ ಎಲ್ಲಿಂದಲೋ ಮಿಲಿಟರಿ ಟ್ರಕ್ಕಿನ ದೊಡ್ಡ ಟಯರುಗಳನ್ನು ತರಿಸಿ, ಮಳೆ ಮುಗಿಯುತ್ತಲೇ ನಮ್ಮಲ್ಲಿಗೆ ಕಳಿಸಿದಳು. ನಾವು ಅವಕ್ಕೆ ಹೊಂದುವ ರಿಮ್ಮು ಹುಡುಕಿ, ಕಟೆದು, ಕೂಡಿಸಿಕೊಟ್ಟೆವು. ಜೀಪು ಕುದುರೆಯ ಹಾಗೆ ಎತ್ತರವಾಗಿ ನಿಂತಿತು. ಓಣಿಯವರೆಲ್ಲ ನೋಡಲು ಬಂದರು. ತಿರುಗಿಸುವಾಗ ಮುಂದಿನ ಟಯರು ಮೈಗೆ ಉಜ್ಜುತ್ತಿತ್ತು, ಅದನ್ನೂ ಸರಿಪಡಿಸಿ ಕಳಿಸಿದೆವು.

ವಾರ ಕಳೆದ ಮೇಲೆ ರೇವಣಸಿದ್ದ ಬಂದ.

"ಉಸ್ತಾದ್ರೀ, ಗಾಡಿ ನಡಗ್ತದ."

"ಎಲ್ಲಿ?"

"ಕುಂಡ್ಯಾಗ ರೀ. ಜೋರು ಬಿಟ್ಟಾಗ ಸೀಟು ಹಿಟ್ಟಿನ ಗಿರಣಿ ಆಗ್ತದ. ಮೊನ್ನೆ ಜೋಬಿನಾಗಿನ ಬೀಡಿ ಎಲ್ಲಾ ಪುಡಿ ಆದ್ವು."

ಉಸ್ತಾದರು ಕೂತು ಕಿಲ್ಲೆಯ ಸುತ್ತ ಹೋಗಿ ಬಂದರು. ಜೀಪು ಮುದ್ದಾಗಿ ಓಡಿತು. ಊರೊಳಗೆ ಟಾಂಗಾ, ಎಮ್ಮೆ, ಹುಡುಗರು. ಅಲ್ಲಿ ಜೋರು ಬಿಡಲು ಬರುವುದಿಲ್ಲ. ಜೋರು ಬಿಡಬೇಕೆಂದರೆ ನಾಕಾ ದಾಟಬೇಕು. ಉಸ್ತಾದರು ಅಲ್ಲಿಯೇ ಇಳಿದರು. "ಹಣಮಂತ ಹೋಗ್ತಾನ" ಎಂದರು.

ಬೇರೆ ರಸ್ತೆಯಲ್ಲಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ನೋಡಿದೆವು. ಬಾಳೆಗೊನೆ ಹೊತ್ತ ಜೀಪನ್ನು ಉಸ್ತಾದರು ಹಾಗೇ ಶಹಾಬಾದಿನ ದಾರಿಗೆ ಒಯ್ದರು. ನಡುಗಲಿಲ್ಲ. ಬರಿದು ಮಾಡಿಕೊಂಡು ರೇವಣಸಿದ್ದನ ಜೊತೆ ನಾನು ಕಮಲಾಪುರದ ದಾರಿಗೆ ಹೋದೆ. ನಡುಗಿತು. ಎರಡರ ನಡುವಿನ ಫರಕು ಏನೆಂದು ಆಗ ನಮಗೆ ಹೊಳೆಯಲಿಲ್ಲ. ರಸ್ತೆಯೇ ಬೇರೆ ಎಂದುಕೊಂಡೆವು.

ಮುಂದಿನದೆಲ್ಲ ಒಬ್ಬರ ಮೈಯ ರೋಗವನ್ನು ಇನ್ನೊಬ್ಬರ ಬಾಯಿಂದ ಕೇಳಿ ದವಾ ಕೊಟ್ಟ ಹಾಗಾಯಿತು. ನಾನು ಹೋಗಿ ಬಂದು ಹೇಳುವುದು, ಅವರು ಕಣ್ಣು ಮುಚ್ಚಿ ಕೇಳುವುದು. "ಸೀಟಿನಾಗ ನಡಗ್ತದ ರೀ" ಎಂದೆ. ಹಿಂದಿನ ಗಾಲಿಗಳನ್ನು ಬಿಚ್ಚಿಸಿದರು. ಆಗ ಗಾಲಿಯ ತೂಕ ಸರಿಮಾಡಲು ಈಗಿನಂತೆ ಯಂತ್ರ ಇರಲಿಲ್ಲ. ಗಾಲಿಯನ್ನು ಎತ್ತಿ ನಿಲ್ಲಿಸಿ ಹಗುರಾಗಿ ತಿರುಗಿಸಿ ಬಿಡುವುದು. ಭಾರ ಇರುವ ಬದಿ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಸುಣ್ಣದ ಗುರುತು ಹಾಕಿ, ಎದುರು ಬದಿಗೆ ಹಳೆಯ ಬ್ಯಾಟರಿಯ ಸೀಸ ಕರಗಿಸಿ ಬಡಿಯುವುದು. ಗಾಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತನಕ ಇದೇ ಕೆಲಸ. ತಾಳ್ಮೆ ಬೇಕು, ಆದರೆ ಗಾಲಿ ಕೊನೆಗೆ ಅಲುಗದೆ ನಿಂತಾಗ ಆಗುವ ಸಂತೋಷ ಯಂತ್ರದಲ್ಲಿ ಸಿಗುವುದಿಲ್ಲ. ಮಾಡಿದೆವು. ಜೀಪು ಕಮಲಾಪುರಕ್ಕೆ ಹೋಗುವಾಗ ನಡುಗಿತು.

ಒಂದು ಟಯರಿನೊಳಗೆ, ಸೀಳಿದ ಕಡೆ, ಹಳೆ ಟಯರಿನ ತುಂಡನ್ನು ಯಾರೋ ಒತ್ತಾಗಿ ಇಟ್ಟಿದ್ದರು. ಸಾಮಾನು ಸಿಗದ ಆ ಕಾಲದಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಅದು ದಪ್ಪವಾಗಿತ್ತು. "ಸಿಕ್ಕಿಬಿದ್ದ ಕಳ್ಳ!" ಎಂದು ಉಸ್ತಾದರು ಕುಣಿದರು. ತೆಳುವಾಗಿ ಕೆತ್ತಿ ಕೂಡಿಸಿದೆವು. ನಡುಗಿತು. ಹಿಂದಿನ ಟಯರು ಮುಂದೆ, ಮುಂದಿನದು ಹಿಂದೆ ಹಾಕಿದೆವು. ಟಯರಿನ ತಪ್ಪಾಗಿದ್ದರೆ ನಡುಕ ಸೀಟಿನಿಂದ ಕೈಗೆ ಬರಬೇಕಿತ್ತು. ಬರಲಿಲ್ಲ. ಸೀಟಿನಲ್ಲೇ ಕೂತಿತ್ತು. ಅಂದರೆ ಟಯರು ನಿರಪರಾಧಿ. ಇದನ್ನು ಹೊಸಬರು ನೆನಪಿಡಿ: ಟಯರು ಜಾಗ ಬದಲಿಸಿದಾಗ ನಡುಕವೂ ಜಾಗ ಬದಲಿಸದಿದ್ದರೆ ಟಯರನ್ನು ಬಿಟ್ಟುಬಿಡಿ.

ಆಗಲೇ ರೇವಣಸಿದ್ದ ಆ ಮಾತು ಆಡಿದ್ದು. ಬಾಳೆಗೊನೆ ಇಳಿಸಿ ಬಂದು ಬೇವಿನ ಕೆಳಗೆ ಚಹಾ ಕುಡಿಯುತ್ತಿದ್ದ.

"ಒಂದು ಮಜಾ ನೋಡ್ರಿ ಉಸ್ತಾದ್. ಕಮಲಾಪುರದಿಂದ ಬರಾಗ ಈ ಗಾಡಿ ಎಂದೂ ನಡಗೂದಿಲ್ಲ. ಹೋಗಾಗ ಅಷ್ಟೇ ನಡಗ್ತದ. ನಿಮ್ಮ ಕೈಯಾಗ ರಿಪೇರಿ ಆಗಿ ಆಗಿ ನಿಮ್ಮಂಗೇ ಆಗ್ಯದ!"

ಯಾರೂ ನಗಲಿಲ್ಲ. ರೇವಣಸಿದ್ದನಿಗೂ ತಿಳಿದು ಬಟ್ಟಲು ಕೆಳಗಿಟ್ಟ. ಉಸ್ತಾದರು ಪಾನಾ ಒರೆಸುತ್ತ ಒರೆಸುತ್ತ, "ಆ ಕಡೆ ಏರು ಅದ. ಏರಿಗೆ ನಡಗ್ತಿರಬೇಕು" ಎಂದು ಮೆಲ್ಲಗೆ ಹೇಳಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ಫಾತಿಮಾಬೀಯ ಮಗಳು ಜುಬೇದಾಳ ಮದುವೆ ಗೊತ್ತಾಯಿತು. ವರ ಮೋಮಿನಪುರದವನೇ. ಅವರ ಮನೆತನದಲ್ಲಿ ಮದುಮಗಳ ಕೈ ಹಿಡಿದು ಗಂಡನ ಮನೆಗೆ ಹೋಗುವ ಗಾಡಿ ಹತ್ತಿಸುವುದು ಮಾಮುವಿನ ಕೆಲಸ, ತಾಯಿಯ ಅಣ್ಣನದು. ಫಾತಿಮಾಬೀ ಪ್ರತಿ ಸಲ ಜೀಪಿನೊಡನೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು, ಒಂದು ಮಾತು ಕಳಿಸುತ್ತಿದ್ದಳು: "ಭಾಯಿ ಬರದಿದ್ರ ಹುಡುಗಿ ಗಾಡಿ ಹತ್ತೂದಿಲ್ಲ ಅಂತ ಹೇಳು." ಉಸ್ತಾದರು ಹಣ್ಣು ನಮಗೆಲ್ಲ ಹಂಚಿಬಿಡುತ್ತಿದ್ದರು, ತಾವು ತಿನ್ನುತ್ತಿರಲಿಲ್ಲ. ಮೋಮಿನಪುರದಲ್ಲೇ ನಿಕಾ ಮಾಡಿ ಎಂದು ಹೇಳಿ ಕಳಿಸಿದರು. ತಂಗಿ ಒಪ್ಪಲಿಲ್ಲ. "ನನ್ನ ಮನಿ ಬಾಗಿಲಿಂದ ಹೋಗ್ತಾಳ. ಭಾಯಿ ಬಾಗಿಲಿಗೆ ಬರಲಿ" ಎಂದಳಂತೆ.

ಒಂದು ಮುಂಜಾನೆ ಗೊನೆಗಳ ಮೇಲೆ ಕೂತು ಗಂಗಮ್ಮ ಗೌಡಸಾನಿ ತಾನೇ ಬಂದಳು. ತಲೆಯ ಮೇಲೆ ಸೆರಗು, ಬಾಯಲ್ಲಿ ಎಲೆ. ಇಳಿದವಳೇ ಕೇಳಿದಳು.

"ಏನೋ ಮಹೆಬೂಬಾ, ನನ್ನ ಗಾಡಿ ಎಂದು ಸುಮ್ಮಾಗ್ತದ?"

"ನೋಡಾಕತ್ತೀವಿ, ಅಕ್ಕಾರ. ಕೊಶಿಶ್ ಚಾಲೂ ಅದ."

"ಯಾರು ನೋಡಾಕತ್ತಾರ? ಈ ಹಣಮಂತ ನೋಡ್ತಾನ, ನೀ ಕೇಳ್ತಿ. ಕೂಡದೇ ಪಾನಾ ಹಚ್ಚಬಾರದು ಅಂತ ಊರಿಗೆಲ್ಲ ಹೇಳಾಂವ ನೀನೇ ಅಲ್ಲೇನು?"

ಉಸ್ತಾದರು ಬಗ್ಗಿ ಹಿಂದಿನ ಗಾಲಿ ನೋಡತೊಡಗಿದರು.

"ಜುಬೇದಾನ ಮದಿವಿಗೆ ಈ ಗಾಡಿ ಕೊಡ್ತೀನಂತ ನಾ ಮಾತು ಕೊಟ್ಟೀನಿ. ಹುಟ್ಟಿದಾಗಿಂದ ನನ್ನ ಅಂಗಳದಾಗ ಆಡಿದ ಹುಡುಗಿ. ಇವತ್ತು ಹೋಗಾಗ ನಡಗಾದು ನಾಳೆ ಬರಾಗೂ ನಡಗಿದ್ರ ಅಕಿ ಗಂಡನ ಮನಿಗೆ ಹಲ್ಲು ಕಟಕಟ ಅನಕೋತ ಬರಬೇಕೇನು? ಹೇಳು, ನಿನ್ನ ಕೈಲಾಗೂದಿಲ್ಲ ಅಂದ್ರ ಬಂಡಿ ಕಟ್ತೀನಿ."

"ಬಂಡಿ ನಕೋ, ಅಕ್ಕಾರ" ಎಂದರು ಉಸ್ತಾದರು ಥಟ್ಟನೆ. ಆ ಸುಟ್ಟ ಬಂಡಿಯೇ ಕಣ್ಣ ಮುಂದೆ ಬಂತೋ ಏನೋ, ನನಗೆ ಗೊತ್ತಿಲ್ಲ. ನನಗಂತೂ ಬಂತು.

ಗಂಗಮ್ಮನ ದನಿ ಇಳಿಯಿತು. "ಹೆದರಿಕಿ ಎಲ್ಲಾರಿಗೂ ಆಗಿತ್ತೋ ತಮ್ಮಾ. ನನಗೂ ಆಗಿತ್ತು. ಈಗ ಗೊನಿ ಇಳಿಸಿ ನಾ ಹೊಂಟೀನಿ. ಮುಂದ ನಾ ಕೂಡ್ತೀನಿ, ಹಿಂದ ನೀ ಕೂಡು. ಗಾಡಿ ನೋಡಾಕ ಬಾ. ಮದಿವಿ ಮಾತು ಆಮ್ಯಾಲ."

ಉಸ್ತಾದರು ಬಹಳ ಹೊತ್ತು ಕೈ ತೊಳೆದರು. ಆಮೇಲೆ ಪಾನಾದ ಚೀಲ ಹೆಗಲಿಗೆ ಹಾಕಿಕೊಂಡು ನನಗೆ, "ನೀನೂ ಬಾ" ಎಂದರು.

ನಾಕಾ ದಾಟುವಾಗ ಅವರು ಕಣ್ಣು ಮುಚ್ಚಿದ್ದರು. ನಾನು ಪಕ್ಕದಲ್ಲೇ ಇದ್ದೆ. ತುಟಿ ಮಾತ್ರ ಆಡುತ್ತಿತ್ತು. ತೊಗರಿ ಕೊಯ್ದ ಹೊಲಗಳು ಶುರುವಾದವು. ರೇವಣಸಿದ್ದ ಜೋರು ಬಿಟ್ಟ. ಜೀಪು ನಡುಗತೊಡಗಿತು.

ಆಗ ನೋಡಿ, ಉಸ್ತಾದರ ಕಣ್ಣು ತೆರೆಯಿತು. ರೋಗ ಅವರ ಮೈಗೆ ತಾಕಿತ್ತು. ಸೀಟು ಬಿಟ್ಟು ತಗಡಿನ ಮೇಲೆ ಕೂತರು. ಚಪ್ಪಲಿ ಕಳೆದರು. ಅಂಗೈ ಊರಿದರು, ಮುಂದೆ ಸರಿದರು, ಹಿಂದೆ ಸರಿದರು, ಕೊನೆಗೆ ಕಿವಿಯನ್ನೇ ತಗಡಿಗೆ ಹಚ್ಚಿದರು.

"ಹಣಮಂತ! ಇದು ಸೀಟಲ್ಲೋ, ಕಾಲ ಕೆಳಗೆ! ಜೋಡು ಹಾಕ್ಕೊಂಡು ಕೂಡ್ತೀ, ನಿನಗೆಲ್ಲಿ ತಿಳೀಬೇಕು! ರೇವಣ್ಯಾ, ಗೇರ್ ತಗಿ, ಹಂಗೇ ಓಡಲಿ!" ಗೇರು ತೆಗೆದರೂ ನಡುಗಿತು. "ಇಂಜಿನ್ ಅಲ್ಲ. ಉದ್ದ ಶಾಫ್ಟು. ಆದ್ರ ಬರಾಗ ಯಾಕ ನಡಗೂದಿಲ್ಲ? ಯಾಕ ನಡಗೂದಿಲ್ಲ?"

ಅಷ್ಟರಲ್ಲಿ ಮುಂದೆ ರಸ್ತೆಯಲ್ಲಿ ಬುಟ್ಟಿ ಹೊತ್ತ ಹೆಂಗಸರ ಹಿಂಡು ಕಂಡಿತು. ಕಮಲಾಪುರದ ಸಂತೆಗೆ ನಡೆದುಹೋಗುತ್ತಿದ್ದರು. ಗಂಗಮ್ಮನನ್ನು ಕಂಡು ಕೈ ಬೀಸಿದರು. ಆಕೆ, "ಹತ್ತರ್ರೇ, ಹತ್ತರಿ" ಎಂದಳು. ಎರಡು ಸಲ ಹೇಳಬೇಕಾಗಲಿಲ್ಲ. ಬದನೆಕಾಯಿ, ಮೆಂತ್ಯೆ ಸೊಪ್ಪು, ಎರಡು ಕೋಳಿ, ಒಂದು ಕೂಸು, ಎಲ್ಲ ಹತ್ತಿದವು. ಉಸ್ತಾದರ ತೊಡೆಯ ಮೇಲೆ ಒಂದು ಕುಂಬಳಕಾಯಿ ಬಂತು. ಜೀಪು ಬುಡ ಊರಿ ಹೊರಟಿತು.

ನಡುಕ ಇಲ್ಲ.

ಉಸ್ತಾದರು ಕುಂಬಳಕಾಯಿ ಅಪ್ಪಿಕೊಂಡು ಬಾಯಿ ತೆರೆದು ನನ್ನನ್ನು ನೋಡಿದರು. "ಜೋರು ಬಿಡು, ಇನ್ನಾ ಜೋರು!" ರೇವಣಸಿದ್ದ ಬಿಟ್ಟ. ಹೆಂಗಸರು ಕಿರುಚಿ ನಕ್ಕರು. ಜೀಪು ತೊಟ್ಟಿಲಂತೆ ಓಡಿತು. "ಭಾರ! ಭಾರ ಬಿದ್ರ ಸುಮ್ಮಾಗ್ತದ! ಬರಾಗ ಬಾಳಿಗೊನಿ, ಹೋಗಾಗ ಖಾಲಿ! ರಸ್ತಾ ಅಲ್ಲೋ ಹಣಮಂತ, ರಸ್ತಾದ ತಪ್ಪೇ ಅಲ್ಲ!"

ಆ ಕೂಗಿಗೆ ಎದುರು ಕೂತ ಮುದುಕಿಯೊಬ್ಬಳು ತಿರುಗಿ ನೋಡಿದಳು. "ಯಾರೋ ನೀನು, ಇಷ್ಟ್ಯಾಕ ಒದರ್ತಿ? ನಿನ್ನ ಹೆಸರೇನು?"

ಆಗ ನಾವು ಆ ಹುಣಸೆ ಮರದ ಕೆಳಗೇ ಹಾಯುತ್ತಿದ್ದೆವು. ನಾನು ನೋಡಿದೆ. ನಾನೇ ಏನಾದರೂ ಹೇಳಬೇಕೇ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಉಸ್ತಾದರು ಹೇಳಿದ್ದರು.

"ಮಹೆಬೂಬ."

"ಯಾವ ಮಹೆಬೂಬ?"

"ಮೋಮಿನಪುರದ ಮಹೆಬೂಬ. ಮೋಟಾರ ರಿಪೇರಿ ಮಾಡಾಂವ."

"ಅಯ್ಯ, ಬಳಿಗಾರ್ತಿ ಫಾತಿಮಾನ ಅಣ್ಣ ನೀನೇ ಏನೋ? ಅಕಿ ನಿನ್ನ ದಾರಿ ನೋಡಿ ನೋಡಿ ನಮಗೆ ಬಳಿ ತೊಡಸಾಗ ಕೈ ಮುರೀತಾಳ! ಮದಿವಿಗೆ ಬರಾಕ ಇಷ್ಟು ನಾಜೂಕೇನೋ ನಿನಗ?"

ಉಳಿದವರೂ ಸೇರಿಕೊಂಡರು. ಒಬ್ಬಾಕೆ ಹಳೆಯ ಗಾಯ ತೋರಿಸಿ, "ಇದು ನಿನ್ನ ಲೆಕ್ಕಕ್ಕ" ಎಂದಳು. ಉಸ್ತಾದರು ಕ್ಷಮೆ ಕೇಳುತ್ತ, ನಗುತ್ತ, ಉತ್ತರ ಕೊಡುತ್ತ ಹೋದರು. ಮರ ಹಿಂದೆ ಸರಿಯಿತು. ಅವರು ಅದನ್ನು ನೋಡಿದರೋ ಇಲ್ಲವೋ ನಾನು ಹೇಳಲಾರೆ. ಮಾತು ಮಾತ್ರ ನಿಲ್ಲಲಿಲ್ಲ.

ಸಂತೆಯ ಬಳಿ ಎಲ್ಲರೂ ಇಳಿದ ಮೇಲೆ ಉಸ್ತಾದರು ಅಲ್ಲೇ ಅಂಗಾತ ಮಲಗಿ ಜೀಪಿನ ಕೆಳಗೆ ಸರಿದರು. ನಾನೂ ಸರಿದೆ. ಹಿಂದಿನ ಕಮಾನು ಪಟ್ಟಿ, ಅಂದರೆ ಸ್ಪ್ರಿಂಗು, ಗಾಡಿಯ ಮೈಗೆ ಒಂದು ಕೊಂಡಿಯಿಂದ ಜೋತಿರುತ್ತದೆ. ಆ ಕೊಂಡಿಗಳು ಇರಬೇಕಾದ್ದಕ್ಕಿಂತ ಉದ್ದ ಇದ್ದವು. ಬಂಡಿ ಗಾಲಿಯ ಹಳೆಯ ಕಬ್ಬಿಣದಿಂದ ಬಡಿದು ಮಾಡಿದವು.

"ರೇವಣ್ಯಾ, ಇವು ಯಾರ ಕೆಲಸ?"

"ನಮ್ಮ ಕಮ್ಮಾರ ಮೋನಪ್ಪ ಕಾಕಾಂದು. ದೊಡ್ಡ ಟಯರು ಹಾಕಿದ ಮರುದಿನ ಗೊನಿ ಹೇರಿದ್ರ ಹಿಂದ ಉಜ್ಜಾಕತ್ತಿತ್ತು. ಎತ್ತರ ಮಾಡಿಕೊಟ್ಟ."

"ನನಗ ಯಾಕ ಹೇಳಲಿಲ್ಲ?"

ರೇವಣಸಿದ್ದನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇದೇನು ಹೇಳಾದ್ರಿ? ಬಂಡಿಗೆ ದೊಡ್ಡ ಗಾಲಿ ಹಾಕಿದ್ರ ಕಮ್ಮಾರ ಎತ್ತರ ಮಾಡೇ ಮಾಡ್ತಾನ. ಇದನ್ನ ಯಾರರೆ ಹೇಳ್ತಾರೇನು?"

ನನಗೂ ನಗು ಬಂತು. ಆ ಕೊಂಡಿಗಳನ್ನು ನಾನೂ ದಿನಾ ನೋಡಿದ್ದೆ, ಬಿಗಿ ಇವೆಯೇ ಎಂದು ಸುತ್ತಿಗೆಯಿಂದ ತಟ್ಟಿಯೂ ನೋಡಿದ್ದೆ. ಆ ಕಾಲದ ಯಾವ ಗಾಡಿಯ ಕೆಳಗೆ ನೋಡಿದರೂ ಯಾವುದೋ ಊರ ಕಮ್ಮಾರನ ಒಂದು ತುಂಡು ಇದ್ದೇ ಇರುತ್ತಿತ್ತು. ಅದು ಇಲ್ಲದ ಗಾಡಿ ಕಂಡರೆ ನಮಗೆ ಅನುಮಾನ ಬರುತ್ತಿತ್ತು.

ಕೊಂಡಿ ಉದ್ದವಾದಾಗ ಸ್ಪ್ರಿಂಗಿನ ಹಿಂತುದಿ ಕೆಳಗಿಳಿದು ಆಕ್ಸಲ್ಲು ಮೂತಿ ಮೇಲಕ್ಕೆತ್ತಿತ್ತು. ಉದ್ದ ಶಾಫ್ಟಿನ ಎರಡು ತುದಿಗೆ ಎರಡು ಕೀಲು. ಎರಡೂ ಒಂದೇ ಓರೆಯಲ್ಲಿ ಬಾಗಿದ್ದರೆ ಒಂದರ ಸೊಟ್ಟ ಇನ್ನೊಂದು ತೀರಿಸುತ್ತದೆ. ಇಲ್ಲಿ ಒಂದು ಒಂದು ಥರ, ಇನ್ನೊಂದು ಇನ್ನೊಂದು ಥರ ಬಾಗಿದ್ದವು. ಖಾಲಿ ಇದ್ದಾಗ ಕುಣಿತ, ಭಾರ ಬಿದ್ದಾಗ ಓರೆ ತಗ್ಗಿ ಶಾಂತಿ. ಹೊಸಬರಿಗೆ ನನ್ನ ಮಾತು ಇಷ್ಟೇ: ಗಾಡಿ ತಂದವನನ್ನು ಏನಾಯಿತು ಎಂದು ಕೇಳಿದರೆ ಸಾಲದು. ನಿನ್ನನ್ನೂ ನಮ್ಮನ್ನೂ ಬಿಟ್ಟು ಇದನ್ನು ಮತ್ತೆ ಯಾರು ಮುಟ್ಟಿದ್ದಾರೆ ಎಂದು ಕೇಳಿ.

ಮೋನಪ್ಪನ ಕುಲುಮೆಗೆ ಹೋದೆವು. ವಯಸ್ಸಾದವನು. ಉಸ್ತಾದರು ಮಣ್ಣಿನಲ್ಲಿ ಗೀಚಿ ತೋರಿಸಿದರು: ಕೊಂಡಿ ಇರಲಿ, ಇಲ್ಲದಿದ್ದರೆ ಟಯರು ಉಜ್ಜುತ್ತದೆ. ಆದರೆ ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಒಂದು ಕಬ್ಬಿಣದ ಬೆಣೆ ಬೇಕು, ದಪ್ಪ ಬದಿ ಹಿಂದಕ್ಕೆ, ಮೂತಿ ಕೆಳಗಾಗುವಂತೆ. ಮೋನಪ್ಪ ನೋಡಿ, "ಅಷ್ಟೇ? ಮೊದಲ ಹೇಳಿದ್ರ ಅಂದೇ ಹಾಕ್ತಿದ್ದೆ" ಎಂದ. "ಮೊದಲ ಬಂದಿದ್ರ ಅಂದೇ ಹೇಳ್ತಿದ್ದೆ" ಎಂದರು ಉಸ್ತಾದರು. ಇಬ್ಬರೂ ನಕ್ಕರು.

ಬೆಣೆ ಕೆಂಪಗೆ ಕಾಯುತ್ತಿದ್ದಾಗಲೇ ಕುಲುಮೆಯ ಬಾಗಿಲಲ್ಲಿ ಫಾತಿಮಾಬೀ ನಿಂತಿದ್ದಳು. ಸಂತೆಯ ಹೆಂಗಸರು ನಮಗಿಂತ ಮೊದಲೇ ಸುದ್ದಿ ಮುಟ್ಟಿಸಿದ್ದರು. ಯಾರಿಗೋ ಅರ್ಧ ತೊಡಿಸಿ ಉಳಿದ ಬಳೆಗಳ ಕಟ್ಟು ಕೈಯಲ್ಲಿ ಹಾಗೇ ಇತ್ತು. ಅಣ್ಣನನ್ನು ಮೇಲಿಂದ ಕೆಳಗೆ ನೋಡಿದಳು. ಮೈಯೆಲ್ಲ ಧೂಳು, ಗ್ರೀಸು, ಒಂದು ಮೆಂತ್ಯೆ ಕಡ್ಡಿ ಗಡ್ಡದಲ್ಲಿ.

"ನನ್ನ ಮನಿಗೆ ಬರಾಕ ನಿನಗ ಗಾಡಿ ಕೆಡಬೇಕಾಯ್ತೇನು, ಭಾಯಿ?"

ಉಸ್ತಾದರು ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದರು. ಆಕೆ ಸೆರಗು ಕೊಟ್ಟಳು. ನಾನು ಹೊರಗೆ ಹೋಗಿ ಜೀಪಿನ ಹತ್ತಿರ ನಿಂತೆ, ಆದ್ದರಿಂದ ಮುಂದೆ ಏನಾಯಿತೆಂದು ನನಗೆ ಗೊತ್ತಿಲ್ಲ. ಮೋನಪ್ಪನ ತಿದಿ ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಮದುವೆಯ ದಿನ ಜುಬೇದಾಳ ಕೈ ಹಿಡಿದು ಉಸ್ತಾದರೇ ಜೀಪು ಹತ್ತಿಸಿದರು. ಹುಡುಗಿ ಮುಸುಕಿನೊಳಗೆ ಅಳುತ್ತಿದ್ದಳು. ಮಾಮು ಪಕ್ಕದಲ್ಲಿ ಕೂತು, ಅತ್ತರು ಹಚ್ಚಿದ ಹೊಸ ಶೇರವಾನಿಯಲ್ಲೇ ಬಗ್ಗಿ, ತಗಡಿನ ಮೇಲೆ ಅಂಗೈ ಊರಿದ್ದರು. ಗೊನೆ ಇಲ್ಲ, ಬುಟ್ಟಿ ಇಲ್ಲ, ಗಾಡಿ ಹಗುರ. ರೇವಣಸಿದ್ದ ಜೋರು ಬಿಟ್ಟ. ಹುಣಸೆ ಮರ ದಾಟಿತು. "ಬೇಟಿ, ಅಳೂದು ನಿಲ್ಲಿಸು, ಕೈ ಇಟ್ಟು ನೋಡು" ಎಂದರು ಉಸ್ತಾದರು. ಮೆಹಂದಿಯ ಕೈ ತಗಡಿನ ಮೇಲೆ ಬಂತು. "ಏನೂ ಇಲ್ಲ, ಮಾಮು" ಎಂದಳು. "ಏನೂ ಇಲ್ಲ!" ಎಂದು ಅವರು ನನ್ನ ಕಡೆ ತಿರುಗಿ ಕೂಗಿದರು.

ಅದಾದ ಮೇಲೆ ಆ ಜೀಪು ಎಂದೂ ನಡುಗಲಿಲ್ಲ. ಆದರೂ ಉಸ್ತಾದರು ಶುಕ್ರವಾರದ ನಮಾಜು ಮುಗಿಸಿ, ಖಾಲಿ ಜೀಪು ಹೊರಡುವ ಹೊತ್ತಿಗೆ ಬಂದು, "ಬೆಣೆ ಒಮ್ಮೆ ನೋಡಿ ಬರ್ತೀನಿ" ಎಂದು ಹತ್ತುತ್ತಿದ್ದರು. ಕಮಲಾಪುರದಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿರುವಾಗ ಗಂಗಮ್ಮ ಗೌಡಸಾನಿ ಹಾದುಹೋದರೆ ಕೇಳುತ್ತಿದ್ದಳು.

"ಏನೋ ಮಹೆಬೂಬಾ, ಗಾಡಿ ಇನ್ನಾ ನಡಗ್ತದೇನು?"

"ಥೋಡಾ ಥೋಡಾ, ಅಕ್ಕಾರ" ಎನ್ನುತ್ತಿದ್ದರು ಉಸ್ತಾದರು, ಬಾಯಿ ತುಂಬ ಹಣ್ಣು. "ಮುಂದಿನ ವಾರ ಮತ್ತ ಬಂದು ನೋಡಬೇಕು."